ಹಸಿ ಮರದ ಗುತ್ತಿಗೆ

ಬಳ್ಳಾರಿ
ಮೇ ೧೮, ಭಾನುವಾರ ಬೆಳಿಗ್ಗೆ

ಪ್ರೀತಿಯ ಪಂಪಾ,

ಹೇಗಿದ್ದೀಯ? ಮೊದಲು ಅದನ್ನು ಹೇಳು. ಕಾಲಿನ ಬಾವು ಇಳಿದಿದೆಯೇ? ಡಾಕ್ಟರಮ್ಮ ಎಡಮಗ್ಗುಲಾಗಿ ಮಲಗು ಅಂದಿದ್ದರು, ಹಾಗೆ ಮಲಗುತ್ತಿದ್ದೀಯೋ ಇಲ್ಲವೋ? ಕಬ್ಬಿಣದ ಗುಳಿಗೆ ನುಂಗಿದರೆ ಹೊಟ್ಟೆ ತೊಳಸುತ್ತದೆ ಅಂತ ಇಲ್ಲಿದ್ದಾಗ ನನ್ನ ಕಣ್ಣು ತಪ್ಪಿಸಿ ಕಿಟಕಿಯಿಂದ ಆಚೆ ಎಸೆಯುತ್ತಿದ್ದೆ. ಅಲ್ಲಿ ಹಾಗೆ ಮಾಡಲು ಹೋಗಬೇಡ, ನಿಮ್ಮಜ್ಜಿ ಪಕ್ಕೀರಮ್ಮ ನನ್ನಷ್ಟು ಮೆತ್ತಗಿನ ಮನುಷ್ಯಳಲ್ಲ. ಈ ಸಲದ ಬಿಸಿಲು ನೋಡಿದರೆ ನನಗೆ ನಿನ್ನದೇ ಯೋಚನೆ. ಇಲ್ಲಿ ಮಧ್ಯಾಹ್ನ ರಸ್ತೆಯಲ್ಲಿ ನಾಯಿಯೂ ಓಡಾಡುವುದಿಲ್ಲ. ಅಲ್ಲಿ ಕರೆಂಟು ಹೋದಾಗ ಏನು ಮಾಡುತ್ತೀ? ಮಜ್ಜಿಗೆ ಕುಡಿ, ಎಳನೀರು ಸಿಕ್ಕರೆ ಕುಡಿ, ಉಪ್ಪಿನಕಾಯಿ ಮಾತ್ರ ಡಬ್ಬಿ ಮುಂದಿಟ್ಟುಕೊಂಡು ಕೂರಬೇಡ. ಅವ್ವ ಚೆನ್ನಾಗಿದ್ದಾಳೆ. ನಿನ್ನ ತುಳಸಿ ಗಿಡಕ್ಕೆ ತಪ್ಪದೆ ನೀರು ಹಾಕುತ್ತಾಳೆ, ಹಾಕುವಾಗ ನಿನ್ನ ಹೆಸರು ಹೇಳಿ ಏನೋ ಗೊಣಗುತ್ತಾಳೆ, ಹರಕೆಯೋ ಬೈಗುಳವೋ ಗೊತ್ತಿಲ್ಲ.

ಫೋನು ಇರುವಾಗ ಕಾಗದ ಯಾಕೆ ಅಂತ ನಗಬೇಡ. ನಿನ್ನ ಫೋನು ಈಗ ನಿನ್ನದಲ್ಲ, ಇಡೀ ಸಿರಿಗೇರಿಯದು. ಬಸುರಿಗೆ ಮೊಬೈಲಿನ ಕಾವು ತಾಕಬಾರದು ಅಂತ ನಿಮ್ಮವ್ವ ಅದನ್ನು ನಡುಮನೆಯ ಗೂಡಿನಲ್ಲಿ ಇಟ್ಟುಕೊಂಡಿದ್ದಾರೆ. ನಾನು ಮಾಡಿದೆನೆಂದರೆ ಸ್ಪೀಕರಿಗೆ ಹಾಕುತ್ತಾರೆ. ‘ಊಟ ಆಯ್ತಾ?’ ಅಂತ ಕೇಳಿದರೆ ನಿಮ್ಮಪ್ಪ, ನಿಮ್ಮವ್ವ, ಪಕ್ಕೀರಮ್ಮ ಮೂವರೂ ‘ಆತಪ್ಪ’ ಅನ್ನುತ್ತಾರೆ, ನಿನ್ನ ದನಿ ಎಲ್ಲೋ ಒಲೆಯ ಹತ್ತಿರದಿಂದ ಬರುತ್ತದೆ. ಹೆಂಡತಿಯ ಹತ್ತಿರ ಒಂದು ಮಾತಾಡಬೇಕಾದರೆ ನಾನು ಪಂಚಾಯ್ತಿ ಕೂಡಿಸಬೇಕು! ಶುಕ್ರವಾರ ಸಂಜೆ ಮಾಡಿದೆ, ನಿಮ್ಮವ್ವ ‘ಮಲಗ್ಯಾಳಪ್ಪ, ಎಬ್ಬಸೋದು ಬ್ಯಾಡ’ ಅಂದರು. ಸಂಜೆ ಹೊತ್ತು ನೀನು ಮಲಗುವವಳಲ್ಲ. ನಿನ್ನೆ ಮಾಡಿದೆ, ‘ಜಳಕಕ್ಕ ಹೋಗ್ಯಾಳ’ ಅಂದರು. ಆಮೇಲೆ ನೀನು ತಿರುಗಿ ಮಾಡಲೇ ಇಲ್ಲ. ಏನೂ ಆಗಿರುವುದಿಲ್ಲ ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ, ಆದರೂ ಗಳಿಗೆಗೊಮ್ಮೆ ಫೋನು ತೆಗೆದು ನೋಡುತ್ತೇನೆ. ನಾನೇ ಬಂದುಬಿಡುತ್ತಿದ್ದೆ, ಆದರೆ ಇವತ್ತು ನಮ್ಮ ಕೆಲಸದ ಎರ್ರಿಯ ಕಣ್ಣನ್ನು ಮತ್ತೊಮ್ಮೆ ಡಾಕ್ಟರಿಗೆ ತೋರಿಸಬೇಕಾಗಿದೆ, ಅದು ಯಾಕೆ ಅಂತ ಮುಂದೆ ಬರೆಯುತ್ತೇನೆ. ನಮ್ಮ ಕೊಂಬೆ-ರೆಂಬೆ ಸಾಗಿಸುವ ಗಾಳೆಪ್ಪ ಭತ್ತದ ಹೊಟ್ಟು ತುಂಬಿಕೊಳ್ಳಲು ಅವನ ಗೂಡ್ಸ್ ಗಾಡಿ ತೆಗೆದುಕೊಂಡು ನಿಮ್ಮೂರಿಗೆ ಬರುತ್ತಿದ್ದಾನೆ. ನಿನ್ನ ಕೈಗೇ ಕೊಡಬೇಕು ಅಂತ ಹೇಳಿದ್ದೇನೆ. ಒಳಗೆ ಹೋಗಿ ಒಬ್ಬಳೇ ಓದು.

ಮೊದಲು ಒಳ್ಳೆಯ ಸುದ್ದಿ. ಕುರುಗೋಡು ಪುರಸಭೆಯ ಮರಗಳ ಕೆಲಸ ನಮಗೆ ಆಗಿದೆ. ಪೂರ್ತಿ ಆಗಿಲ್ಲ, ನಾಳೆ ಸೋಮವಾರ ಕರಾರಿಗೆ ಸಹಿ ಹಾಕಿದರೆ ಆದಂತೆ. ಒಂದು ವರ್ಷದ ಗುತ್ತಿಗೆ. ರಸ್ತೆ ಬದಿಯ ಮರ, ಶಾಲೆ ಕಂಪೌಂಡಿನ ಮರ, ಸ್ಮಶಾನದ ಮರ, ಎಲ್ಲವನ್ನೂ ನಾವೇ ನೋಡಿಕೊಳ್ಳಬೇಕು. ನೀನು ಇಲ್ಲಿದ್ದಿದ್ದರೆ ಇಷ್ಟು ಹೊತ್ತಿಗೆ ಓಣಿಗೆಲ್ಲ ಸಕ್ಕರೆ ಹಂಚುತ್ತಿದ್ದೆ. ಎಷ್ಟು ಅಲೆದಿದ್ದೇವೆ ನಾವು ಇದಕ್ಕಾಗಿ! ಬಳ್ಳಾರಿ ಪಾಲಿಕೆಯ ಕೆಲಸಕ್ಕೆ ನಮ್ಮ ಲೈಸೆನ್ಸು ಸಾಲದು ಅಂತ ಆಯಿತು. ಸಿರುಗುಪ್ಪ ನಗರಸಭೆಗೆ ಹಾಕಿದಾಗ ಸರಕಾರಿ ಕೆಲಸ ಮಾಡಿದ ಅನುಭವದ ಸರ್ಟಿಫಿಕೇಟು ಇಲ್ಲ ಅಂತ ಆಯಿತು. ಕೆಲಸ ಕೊಟ್ಟರೆ ತಾನೇ ಅನುಭವ ಬರುವುದು, ಅಂತ ನಾನು ಸಿರುಗುಪ್ಪ ಬಸ್ ನಿಲ್ದಾಣದಲ್ಲಿ ಕೂಗಾಡಿದೆ. ನೀನು ಒಗ್ಗರಣಿ ಮಿರ್ಚಿ ತಿನ್ನುತ್ತಾ ‘ಹೋಗ್ಲಿ ಬಿಡ್ರಿ, ಇನ್ನೊಂದೂರು ಕರೀತೈತಿ’ ಅಂದೆ. ಆ ಇನ್ನೊಂದೂರು ಕರೆಯಿತು ನೋಡು. ಕರೆದ ಹೊತ್ತು ಮಾತ್ರ ಎಂಥದ್ದು ಅಂತ ನಿನಗೆ ಗೊತ್ತು.

ಅವತ್ತು ಅವ್ವ ಅಡುಗೆಮನೆಯಲ್ಲಿ ನಮ್ಮಿಬ್ಬರನ್ನೂ ಕೂರಿಸಿ ಹೇಳಿದ್ದು ನೆನಪಿದೆಯಲ್ಲ. ‘ಹೆಣ್ತಿ ಬಸಿರಿದ್ದಾಗ ಗಂಡ ಹೆಣ ಹೊರಂಗಿಲ್ಲ, ತಲಿ ಬೋಳಿಸಂಗಿಲ್ಲ, ಹಸಿ ಮರಕ್ಕ ಕೊಡ್ಲಿ ಹಚ್ಚಂಗಿಲ್ಲ. ಒಣಗಿದ್ದು ಕಡಕೋ, ಬ್ಯಾಡ ಅನ್ನಂಗಿಲ್ಲ.’ ನೀನು ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಿದ್ದೆ. ಆನ್‌ಲೈನ್ ಸೆಂಟರಿನಲ್ಲಿ ಕೂತು ಊರಿನ ಅರ್ಜಿಯೆಲ್ಲ ತುಂಬಿಕೊಡುವವಳು ನೀನು, ನಿನಗೆ ಇದೆಲ್ಲ ಎಲ್ಲಿಂದ ಹಿಡಿಸಬೇಕು. ನಾನೂ ನಕ್ಕೆ. ಆದರೆ ನನ್ನ ನಗು ಅರ್ಧಕ್ಕೇ ನಿಂತಿತು, ಅವ್ವ ಹೋದ ಸಲದ್ದನ್ನು ಬಾಯಿ ಬಿಟ್ಟು ಹೇಳದಿದ್ದರೂ ಅವಳ ಕಣ್ಣಿನಲ್ಲಿ ಇದ್ದದ್ದು ಅದೇ. ಹೋದ ಸಲ ಐದನೆಯ ತಿಂಗಳಲ್ಲಿ ನಮ್ಮ ಕೂಸು ಹೋದ ವಾರ ನಾನು ಹಲಕುಂದಿಯ ಹತ್ತಿರ ಒಂದು ಮುದಿ ಹುಣಸೆಯನ್ನು ಉರುಳಿಸುತ್ತಿದ್ದೆ. ಅದಕ್ಕೂ ಇದಕ್ಕೂ ಏನೇನೂ ಸಂಬಂಧವಿಲ್ಲ ಅಂತ ಡಾಕ್ಟರಮ್ಮ ಬಿಡಿಸಿ ಬಿಡಿಸಿ ಹೇಳಿದರು. ಅವರು ಹೇಳುವಾಗ ನಾನು ತಲೆಯಾಡಿಸಿದೆ. ಅವ್ವ ಹೇಳುವಾಗಲೂ ತಲೆಯಾಡಿಸಿದೆ. ನನ್ನ ತಲೆ ಎಲ್ಲರಿಗೂ ಆಡುತ್ತದೆ.

ಕುಬಸದ ಉಡಿ ತುಂಬಿಸಿ ನಿಮ್ಮವ್ವ ನಿನ್ನನ್ನು ತವರಿಗೆ ಕರೆದುಕೊಂಡು ಹೊರಟ ದಿನ ನೀನು ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿ ನನ್ನ ಕೈ ಹಿಡಿದೆ. ‘ಅತ್ತಿ ಹೇಳಿದ್ದು ಒಂದೀಟು ನಡಸರಿ, ನನಗ ಅಂಜಿಕಿ ಬರ್ತೈತಿ’ ಅಂದೆ. ಅಡುಗೆಮನೆಯಲ್ಲಿ ನಕ್ಕವಳೇ ನೀನು ಹಾಗೆ ಅಂದೆ. ಆಮೇಲೆ ಬಸ್ಸಿನ ಬಾಗಿಲು ಹಾಕಿಕೊಂಡಿತು. ಅವ್ವ ಹೇಳಿದ್ದನ್ನು ಹೇಗಾದರೂ ಸಂಭಾಳಿಸಬಹುದಿತ್ತು ಪಂಪಾ, ನೀನು ಹೇಳಿದ್ದನ್ನು ಸಂಭಾಳಿಸುವುದು ನನ್ನ ಕೈಲಾಗುವುದಿಲ್ಲ. ನೀನು ಅಂಜುವುದನ್ನು ನಾನು ಅಷ್ಟಾಗಿ ನೋಡಿದವನೇ ಅಲ್ಲ.

ಹಾಗಾಗಿ ಈ ಬೇಸಗೆಯೆಲ್ಲ ನನ್ನ ಪಾಡು ನೋಡುವ ಹಾಗಿತ್ತು. ಮರ ಹತ್ತುವುದೆಲ್ಲ ಎರ್ರಿಯ ಪಾಲಿಗೆ. ನಾನು ಕೆಳಗೆ ಹಗ್ಗ ಹಿಡಿಯುವುದು, ಮಣ್ಣು ಅಗೆಯುವುದು. ಒಣ ಕೊಂಬೆ ಅಂತ ಮಾಲೀಕರು ತೋರಿಸಿದರೂ ಉಗುರಿನಿಂದ ತೊಗಟೆ ಕೆರೆದು ಒಳಗೆ ಹಸಿರು ಇದೆಯೇ ಅಂತ ನೋಡುತ್ತಿದ್ದೆ. ಕಂಟೋನ್ಮೆಂಟಿನ ಹಳೇ ಬಂಗಲೆಯ ಮುದುಕರು ‘ಏನಪಾ, ಮರಕ್ಕ ನಾಡಿ ನೋಡಾಕತ್ತಿಯೇನು?’ ಅಂತ ಕೇಳಿದರು. ಆದರೆ ಒಂದು ಮಾತು ನಿಜ. ಕಡಿಯುವ ಕೆಲಸ ಕೈಬಿಟ್ಟ ಮೇಲೆ ಮರಕ್ಕೆ ಬೇರೆ ಎಷ್ಟು ಕೆಲಸ ಬಾಕಿ ಇರುತ್ತದೆ ಅಂತ ಕಣ್ಣಿಗೆ ಬಿತ್ತು. ಬೋರ್ಡು ಹೊಡೆದ ಮೊಳೆ ಕೀಳುವುದು, ಕೇಬಲ್ಲಿನವರು ಬಿಗಿದ ತಂತಿ ಬಿಡಿಸುವುದು, ಬುಡಕ್ಕೆ ಹಾಕಿದ ಕಾಂಕ್ರೀಟು ಒಡೆದು ನೀರಿಗೆ ಪಾತಿ ಮಾಡುವುದು, ಗೆದ್ದಲಿಗೆ ಔಷಧಿ, ಕಾಂಡಕ್ಕೆ ಸುಣ್ಣ-ಕೆಮ್ಮಣ್ಣು. ಆ ಬಂಗಲೆಯ ಮುದುಕರು ಇನ್ನೊಂದು ಬಂಗಲೆಗೆ ಹೇಳಿದರು, ಅವರು ಇನ್ನೊಬ್ಬರಿಗೆ ಹೇಳಿದರು. ಮರ ಕಡಿಯುವ ಭೀಮರಾಜ ಮರದ ಚಾಕರಿ ಮಾಡುತ್ತಾನೆ ಅಂತ ಹೆಸರಾಯಿತು. ನನಗೆ ಮಾತ್ರ ಕೈ ತುರಿಸುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಎರ್ರಿ ಮೇಲೆ ಗರಗಸ ತಪ್ಪಾಗಿ ಹಿಡಿದರೆ ಕೆಳಗೆ ನಾನು ಹಲ್ಲು ಕಡಿಯುತ್ತಿದ್ದೆ.

ಕುರುಗೋಡಿನವರು ಕೊಟೇಶನ್ ಕರೆದಾಗ ಅದರಲ್ಲಿ ಕಡಿತಲೆ ಅಂತ ಅಷ್ಟೇ ಅಲ್ಲ, ನಿರ್ವಹಣೆ ಅಂತಲೂ ಇತ್ತು. ಅನುಭವದ ಸರ್ಟಿಫಿಕೇಟು ಇಲ್ಲದಿದ್ದರೂ ನಡೆಯುತ್ತದೆ, ಕರಾರಿಗೆ ಮೊದಲು ಒಂದು ಮರದ ಮೇಲೆ ಕೆಲಸ ಮಾಡಿ ತೋರಿಸಬೇಕು ಅಂತ ಇತ್ತು. ಅರ್ಜಿ ಏರಿಸಲು ನಿನ್ನ ಸೆಂಟರಿಗೇ ಹೋದೆ. ನಿನ್ನ ಜಾಗದಲ್ಲಿ ಕೂತ ಹುಡುಗಿ ಪಾಸ್‌ವರ್ಡ್ ಕೇಳಿದಳು. ನಾನು ನಿನಗೆ ಫೋನು ಮಾಡಿದೆ, ನಿಮ್ಮಪ್ಪ ಎತ್ತಿಕೊಂಡು, ನಿನ್ನನ್ನು ಕೇಳಿಕೊಂಡು, ಸ್ಪೀಕರಿನಲ್ಲಿ ಒಂದೊಂದೇ ಅಕ್ಷರವನ್ನು ಊರಿಗೆಲ್ಲ ಕೇಳಿಸುವಂತೆ ಕೂಗಿದರು. ನಮ್ಮ ಡಿಜಿಟಲ್ ಸಹಿಯ ಗುಟ್ಟು ಈಗ ನಿಮ್ಮೂರಿನ ಕೋಳಿಗಳಿಗೂ ಗೊತ್ತು. ಆಮೇಲೆ ಕುರುಗೋಡಿಗೆ ಕರೆದರು. ಅಲ್ಲಿಯ ಇಂಜಿನಿಯರ್ ಮೇಡಂ ನಾನು ಬರೆದದ್ದನ್ನು ಓದಿ ಮೂರು ಕಡೆ ಗೆರೆ ಎಳೆದರು. ಬೇರಿನ ಪಾತಿ ಕಾಂಡಕ್ಕೆ ಅಂಟಿಕೊಂಡಂತೆ ಮಾಡಿದರೆ ಬುಡ ಕೊಳೆಯುತ್ತದೆ, ಇಷ್ಟೂ ಗೊತ್ತಿಲ್ಲವೇ ಅಂದರು. ಗೊತ್ತಿರಲಿಲ್ಲ. ಹೌದ್ರೀ ಮೇಡಂ ಅಂದೆ. ‘ಕಲಿಯಾಕ ತಯಾರಿದ್ರ ಮಾಡ್ರಿ, ಇಲ್ಲಾಂದ್ರ ಬ್ಯಾಡ್ರಿ’ ಅಂದರು. ತಯಾರಿದ್ದೇನೆ ಅಂದೆ.

ಈಗ ನಾನು ಮಾಡಿದ ದಡ್ಡತನ ಕೇಳು. ನಾನು ಅಂದುಕೊಂಡದ್ದು ಏನು? ಇದು ಸರಕಾರಿ ಕೆಲಸ, ಕಾಗದ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಹೋಗುವಷ್ಟರಲ್ಲಿ ಜೂನ್ ಮುಗಿಯುತ್ತದೆ, ನಿನ್ನ ಹೆರಿಗೆಯೂ ಆಗಿರುತ್ತದೆ, ಮೇಲೆ ಆಷಾಢ ಬೇರೆ, ಆಷಾಢದಲ್ಲಿ ಹೊಸ ಕೆಲಸ ಯಾರು ಶುರು ಮಾಡುತ್ತಾರೆ, ಶ್ರಾವಣದಲ್ಲಿ ನಾನೇ ಕೊಡಲಿ ಪೂಜೆ ಮಾಡಿ ಮರ ಹತ್ತುತ್ತೇನೆ ಅಂತ. ನನ್ನ ಹಣೆಬರಹಕ್ಕೆ ಈ ಒಂದು ಕೆಲಸ ಗಾಳಿ ಹಾಗೆ ಬಂತು! ಮಳೆಗಾಲಕ್ಕೆ ಮೊದಲು ಅಪಾಯದ ಕೊಂಬೆಗಳೆಲ್ಲ ಇಳಿಯಬೇಕಂತೆ, ಮೊನ್ನೆಯ ಗಾಳಿಮಳೆಗೆ ಎರಡು ಕಡೆ ಮುರಿದುಬಿದ್ದವಂತೆ. ಬುಧವಾರ ಫೋನು ಬಂತು, ‘ಶುಕ್ರವಾರ ಮಂದಿ ಕರಕೊಂಡು ಬರ್ರಿ’ ಅಂತ. ಆಗುವುದಿಲ್ಲ ಅಂದರೆ ಕೆಲಸ ಶರಣನಿಗೆ ಹೋಗುತ್ತದೆ. ಶರಣ ಅಂದರೆ ಜೆಸಿಬಿ ಇಟ್ಟುಕೊಂಡಿರುವ ಕಂಟ್ರಾಕ್ಟರು, ಕೊಟೇಶನ್ನಿನ ಪಟ್ಟಿಯಲ್ಲಿ ನಮ್ಮ ನಂತರದ ಹೆಸರು ಅವನದು. ಕೆಟ್ಟ ಮನುಷ್ಯನಲ್ಲ, ಬಾಯಿ ಮಾತ್ರ ಜೋರು. ನನ್ನ ಸಂಗತಿ ಅವನಿಗೆ ಯಾರು ಹೇಳಿದರೋ, ಪುರಸಭೆಯ ಬಾಗಿಲಲ್ಲೇ ನಿಲ್ಲಿಸಿಕೊಂಡ. ‘ಏನಲೇ ಭೀಮ, ಹೆಣ್ತಿ ಹಡಿಯೋ ತನಕ ನೀ ಮರ ಮುಟ್ಟಂಗಿಲ್ಲಂತ? ಸರಕಾರಕ್ಕ ಏನಂತ ಬರೀತಿ, ಹೆರಿಗಿ ರಜಾ ಬೇಕಂತೇನು?’ ಅಂದ. ಸುತ್ತಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ, ಒಳಗೆ ಉರಿಯುತ್ತಿತ್ತು.

ಅವ್ವನಿಗೆ ಹೇಳಿದರೆ ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ಎರ್ರಿ ಇದ್ದಾನೆ, ಅವನು ಹತ್ತುತ್ತಾನೆ, ನಾನು ಕೆಳಗೆ ಹಗ್ಗ ಹಿಡಿದು ನಿಲ್ಲುತ್ತೇನೆ ಅಂದೆ. ‘ಮ್ಯಾಲೆ ನೋಡ್ತಾ ನಿಂದ್ರು, ಕೈ ಮುಂದ ಮಾಡಬ್ಯಾಡ’ ಅಂದಳು. ಅಷ್ಟೇ. ಅವಳು ಜಾಸ್ತಿ ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಶುಕ್ರವಾರ ಕುರುಗೋಡಿಗೆ ಹೋದೆವು. ಬಸ್ ನಿಲ್ದಾಣದ ರಸ್ತೆಯಲ್ಲಿ ಒಂದು ದೊಡ್ಡ ಬೇವಿನ ಮರ. ಗಾಳಿಗೆ ಒಂದು ಕೊಂಬೆ ಬುಡದಲ್ಲಿ ಸೀಳಿಕೊಂಡು ರಸ್ತೆಯ ಮೇಲೆ, ಕರೆಂಟಿನ ತಂತಿಯ ಮೇಲೆ ವಾಲಿತ್ತು. ಕೆಳಗೆ ಒಬ್ಬ ಮುದುಕಿಯ ಚಹಾ ಅಂಗಡಿ, ಅದರ ಪಕ್ಕ ಬಸ್ಸಿಗೆ ಕಾಯುವ ಜನ. ಸೀಳಿದ್ದರೂ ಕೊಂಬೆ ಸತ್ತಿರಲಿಲ್ಲ, ತುದಿಯ ತನಕ ಹಸಿರೆಲೆ, ಗೊಂಚಲು ಗೊಂಚಲು ಬೇವಿನಕಾಯಿ. ಮೇಡಂ ಬಂದರು, ಕರೆಂಟಿನವನು ಬಂದು ಲೈನು ಬಂದ್ ಮಾಡಿಸಿದ, ಜನರನ್ನು ಆಚೆ ಸರಿಸಿ ಹಗ್ಗ ಕಟ್ಟಿದೆವು. ಎರ್ರಿ ಚೆನ್ನಾಗಿಯೇ ಹತ್ತಿದ. ಕೊಂಬೆಗೆ ಹಗ್ಗ ಬಿಗಿದು ಮೇಲಿನ ಕವಲಿನ ಮೇಲಿಂದ ಇಳಿಬಿಟ್ಟ, ಆ ತುದಿಯನ್ನು ನಾವು ಕೆಳಗೆ ಹಿಡಿದೆವು, ಕೊಯ್ದ ಮೇಲೆ ಕೊಂಬೆ ಧಡಾರನೆ ಬೀಳದೆ ಮೆಲ್ಲಗೆ ಇಳಿಯಬೇಕಲ್ಲ ಅದಕ್ಕೆ. ಅಡಿಯಿಂದ ಒಂದಿಷ್ಟು ಕೊಯ್ದು, ಮೇಲಿನಿಂದ ಅರ್ಧ ಬಂದಿದ್ದನೋ ಇಲ್ಲವೋ, ಪೊಟರೆಯಿಂದ ಕಣಜದ ಹುಳ ಎದ್ದವು. ನಾವು ಯಾರೂ ನೋಡಿರಲಿಲ್ಲ. ಎರ್ರಿ ‘ಅಯ್ಯಪ್ಪೋ’ ಅಂತ ಕಿರುಚಿಕೊಂಡು ಕಾಂಡ ತಬ್ಬಿ ಜಾರಿದ, ಎದೆಯೆಲ್ಲ ತರಚಿ ಕೆಳಗೆ ಬಂದು ಬಿದ್ದ. ನೋಡುನೋಡುತ್ತಿದ್ದಂತೆ ಒಂದು ಕಣ್ಣು ಮುಚ್ಚಿಹೋಯಿತು. ಚಹಾದ ಮುದುಕಿ ‘ಅಯ್ಯೋ ದೇವುಡಾ’ ಅಂತ ಓಡಿಬಂದು ಸುಣ್ಣ ಹಚ್ಚಿದಳು.

ಅರ್ಧ ಕೊಯ್ದ ಕೊಂಬೆ ಮೇಲೆ ಕಿರ್‍ರ್ ಅನ್ನುತ್ತಿತ್ತು. ಗಾಳಿ ಬೇರೆ ಎದ್ದಿತು. ಕರೆಂಟಿನವನು ‘ಎಷ್ಟೊತ್ತು ಬಂದ್ ಇಡ್ಲಿ? ದವಾಖಾನಿಗೂ ಇದೇ ಲೈನ್ ಐತ್ರಿ’ ಅಂತ ಕೂಗುತ್ತಿದ್ದ. ಹಗ್ಗ ಹಿಡಿದವರು ನನ್ನ ಕಡೆಗೇ ನೋಡುತ್ತಿದ್ದರು. ಆಚೆ ಬದಿಯಲ್ಲಿ ಶರಣ ಬೈಕಿನ ಮೇಲೆ ಕೂತು ನೋಡುತ್ತಿದ್ದ, ಅವನೂ ನಗುತ್ತಿರಲಿಲ್ಲ. ಆಮೇಲೆ ಏಣಿಯ ಮೇಲಿಂದ ಬೇವಿನ ಸೊಪ್ಪಿನ ಹೊಗೆ ಹಾಕಿ ಹುಳ ಓಡಿಸಿದ್ದಾಯಿತು. ಆಮೇಲೆ ಕೊಂಬೆಯೂ ಇಳಿಯಿತು, ಹೇಗೋ ಇಳಿಯಿತು. ತಂತಿಗೆ ತಾಕಲಿಲ್ಲ, ಮುದುಕಿಯ ಅಂಗಡಿಯ ತಗಡಿಗೆ ಒಂದು ಗೀರೂ ಬೀಳಲಿಲ್ಲ. ಮೇಡಂ ಹತ್ತಿರ ಬಂದು ಮರದ ಗಾಯ ನೋಡಿ ‘ಚಲೋ ಆಗೇತಿ. ಸೋಮವಾರ ಬಂದು ಅಗ್ರಿಮೆಂಟಿಗೆ ಸಹಿ ಮಾಡ್ರಿ’ ಅಂದರು. ಮನೆಗೆ ಬಂದಾಗ ಅವ್ವ ಏನಾಯಿತು ಅಂತ ಕೇಳಿದಳು. ಕೆಲಸ ಆಯಿತು ಅಂದೆ. ಜಳಕ ಮಾಡಿ ಬಂದೆ, ಅವಳು ಊಟಕ್ಕೆ ಹಾಕಿದಳು, ನಾನು ಹಸಿವಿಲ್ಲ ಅಂದೆ.

ಎರ್ರಿಯ ಕಣ್ಣಿನ ಬಾವು ಇಳಿದಿಲ್ಲ. ಕಣ್ಣಿಗೆ ಏನೂ ಆಗಿಲ್ಲ, ಆದರೆ ಇನ್ನೊಂದು ವಾರ ಮರದ ಹತ್ತಿರ ಹೋಗಕೂಡದು ಅಂತ ಡಾಕ್ಟರು ಹೇಳಿದ್ದಾರೆ. ಅವನ ಹೆಂಡತಿ ಭಾಗ್ಯ ನನ್ನನ್ನು ನೋಡಿದ ಕೂಡಲೇ ಅಳಲು ಶುರುಮಾಡಿದಳು, ನಾನೇ ಹುಳ ಸಾಕಿ ಬಿಟ್ಟವನ ಹಾಗೆ ತಲೆತಗ್ಗಿಸಿ ನಿಂತೆ. ಬೇರೆ ಯಾರನ್ನು ಹತ್ತಿಸಲಿ? ಹಲಕುಂದಿಯ ಮಾರೆಣ್ಣನನ್ನು ಕೇಳಿದೆ, ಮಗಳ ಮದುವೆ ಮುಗಿಯುವ ತನಕ ಬರುವುದಿಲ್ಲವಂತೆ. ನಾಳೆ ಸಹಿ ಹಾಕಿದರೆ ಮಂಗಳವಾರದಿಂದಲೇ ಕೊಂಬೆ ಇಳಿಸಬೇಕು, ಗುತ್ತಿಗೆದಾರ ಸ್ಥಳದಲ್ಲೇ ಇರಬೇಕು ಅಂತ ಕರಾರಿನಲ್ಲಿದೆ. ಹಾಕದಿದ್ದರೆ ಶರಣನ ಹೆಸರು ಬರುತ್ತದೆ, ನಮ್ಮ ಹೆಸರು ಇನ್ನು ಯಾವ ಊರಿನ ಪಟ್ಟಿಯಲ್ಲೂ ಮೇಲೇಳುವುದಿಲ್ಲ. ಸಿರುಗುಪ್ಪದವರು ಮುಂದಿನ ವರ್ಷ ಕರೆದಾಗ ತೋರಿಸಲು ಇದೊಂದು ಸರ್ಟಿಫಿಕೇಟು ಆಗುತ್ತಿತ್ತು, ಅಲ್ಲಿಂದ ಬಳ್ಳಾರಿ. ಬಂಗಲೆ ಬಂಗಲೆ ತಿರುಗಿ ‘ಮರ ಕಡಿಯೋದೈತೇನ್ರೀ’ ಅಂತ ಗೇಟು ಬಡಿಯುವುದು ನಮ್ಮ ಕಾಲಕ್ಕೇ ಮುಗಿಯಲಿ ಅಂತ ನೀನೇ ಹೇಳುತ್ತಿದ್ದೆ. ಆ ಆಸೆ ಹಚ್ಚಿದವಳೂ ನೀನೇ, ಬಸ್ಸಿನ ಮೆಟ್ಟಿಲ ಮೇಲೆ ನಿಂತು ಕೈ ಹಿಡಿದವಳೂ ನೀನೇ. ನಾನು ಯಾರ ಮಾತು ಕೇಳಲಿ ಹೇಳು.

ಒಮ್ಮೊಮ್ಮೆ ಇದೆಲ್ಲ ಬರೀ ಹೆದರಿಕೆ ಅನಿಸುತ್ತದೆ. ನೀನು ಹೊತ್ತುಹೊತ್ತಿಗೆ ಡಾಕ್ಟರಿಗೆ ತೋರಿಸಿಕೊಂಡಿದ್ದೀಯ, ಸ್ಕ್ಯಾನಿಂಗಿನಲ್ಲಿ ಎಲ್ಲ ಸರಿಯಾಗಿದೆ ಅಂದಿದ್ದಾರೆ. ಗರಗಸ ಕುರುಗೋಡಿನಲ್ಲಿ ಆಡಿದರೆ ಸಿರಿಗೇರಿಯಲ್ಲಿ ಏನಾಗುತ್ತದೆ, ಮಧ್ಯೆ ಅಷ್ಟು ಗದ್ದೆ, ಅಷ್ಟು ಕಾಲುವೆ, ಅಷ್ಟು ಊರು. ಹೀಗೆ ನನಗೆ ನಾನೇ ಪಾಠ ಹೇಳಿಕೊಂಡು ಎರಡು ಹೆಜ್ಜೆ ಹೋಗುತ್ತೇನೆ, ಮೂರನೆಯ ಹೆಜ್ಜೆಗೆ ಹಲಕುಂದಿಯ ಹುಣಸೆ ಕಣ್ಣ ಮುಂದೆ ಬರುತ್ತದೆ. ಓದಿದವಳು ನೀನು, ನೀನಾದರೂ ಪಕ್ಕದಲ್ಲಿದ್ದಿದ್ದರೆ ಒಂದು ಮಾತಿನಲ್ಲಿ ನನ್ನ ಬಾಯಿ ಮುಚ್ಚಿಸುತ್ತಿದ್ದೆ. ನೀನಿಲ್ಲದ ಮನೆಯಲ್ಲಿ ನನ್ನ ಬುದ್ಧಿ ಅಷ್ಟಕ್ಕಷ್ಟೇ.

ಗಾಳೆಪ್ಪನ ಕೈಯಲ್ಲಿ ಸ್ವಲ್ಪ ಖರ್ಜೂರ, ಅವ್ವ ಹುರಿದು ಕುಟ್ಟಿದ ಅಳ್ಳಿಟ್ಟು, ನಿನ್ನ ಹಳೇ ಮೆತ್ತನೆಯ ಹತ್ತಿ ಸೀರೆ ಎರಡು ಕಳಿಸಿದ್ದೇನೆ, ಕೂಸಿಗೆ ಹಾಸಲು ಬೇಕಾಗುತ್ತದೆ ಅಂತ ಅವ್ವ ತೆಗೆದಿಟ್ಟಿದ್ದಳು. ಅತ್ತೆ ಮಾವನವರಿಗೆ, ಪಕ್ಕೀರಮ್ಮನವರಿಗೆ ನನ್ನ ನಮಸ್ಕಾರ ಮುಟ್ಟಿಸು. ಊರಮ್ಮ ನಿಮ್ಮಿಬ್ಬರನ್ನೂ ತಣ್ಣಗಿಟ್ಟಿರಲಿ. ನೆರಳಲ್ಲಿ ಇರು, ಭಾರ ಎತ್ತಬೇಡ, ನನ್ನ ಮೇಲೆ ಸಿಟ್ಟು ಬಂದರೆ ನುಂಗಿಕೊಳ್ಳಬೇಡ.

ಸದಾ ನಿನ್ನವನೇ ಆದ
ಭೀಮರಾಜ

ತಾ.ಕ.: ಗಾಳೆಪ್ಪ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ, ಇದನ್ನು ಬರೆಯದೆ ಕೊಟ್ಟರೆ ಇಷ್ಟುದ್ದ ಬರೆದದ್ದೆಲ್ಲ ಸುಳ್ಳು. ಆ ಕೊಂಬೆ ಕೊಯ್ದವನು ನಾನೇ ಪಂಪಾ. ಮೇಲೆ ಹೋಗುವವರು ಬೇರೆ ಯಾರೂ ಇರಲಿಲ್ಲ, ಬಿಟ್ಟಿದ್ದರೆ ಯಾರ ತಲೆಯ ಮೇಲಾದರೂ ಬೀಳುತ್ತಿತ್ತು. ಹಸೀದೇ ಇತ್ತು, ಗರಗಸದ ಪುಡಿ ಒದ್ದೆಯಾಗಿ ಕೈಗೆ ಅಂಟಿತು. ಇನ್ನೂ ಕೆಟ್ಟದ್ದು ಹೇಳುತ್ತೇನೆ. ಮೇಲೆ ಹೋದ ಮೇಲೆ ನನಗೆ ಖುಷಿಯಾಯಿತು, ಎಷ್ಟು ತಿಂಗಳ ಮೇಲೆ ಕೈಗೆ ಜೀವ ಬಂದಿತ್ತು, ಆ ಹೊತ್ತಿನಲ್ಲಿ ನೀನೂ ನೆನಪಾಗಲಿಲ್ಲ, ಕೂಸೂ ನೆನಪಾಗಲಿಲ್ಲ. ಕೆಳಗಿಳಿದು ಕೈ ತೊಳೆಯುವಾಗ ನೆನಪಾಯಿತು, ಅಲ್ಲೇ ನಲ್ಲಿಯ ಬುಡದಲ್ಲಿ ಕೂತುಬಿಟ್ಟೆ. ಅವ್ವನಿಗೆ ಹೇಳಿಲ್ಲ. ಸ್ಪೀಕರಿನಲ್ಲಿ ಹೇಗೆ ಕೇಳಲಿ, ಅದಕ್ಕೆ ಇಲ್ಲಿ ಕೇಳುತ್ತಿದ್ದೇನೆ. ನಾಳೆಯ ಸಹಿ ಹಾಳಾಗಿ ಹೋಗಲಿ, ಅದು ಆಮೇಲಿನ ಮಾತು. ಶುಕ್ರವಾರ ಮಧ್ಯಾಹ್ನದಿಂದ ಈಚೆಗೆ ಕೂಸು ಹೊಟ್ಟೆಯೊಳಗೆ ಆಡಿದೆಯೇ? ಆಡಿದ್ದರೆ ಈ ಕಾಗದದ ಹಿಂದೆಯೇ ನನಗೆ ಬಾಯಿಗೆ ಬಂದಂತೆ ಬೈದು ಬರೆದು ಗಾಳೆಪ್ಪನ ಕೈಗೆ ಕೊಡು, ಅವನು ನಿಮ್ಮ ಬಾಗಿಲಲ್ಲೇ ಕಾಯುತ್ತಾನೆ. ಆಡಿಲ್ಲದಿದ್ದರೆ ಬರೆಯುತ್ತಾ ಕೂರಬೇಡ, ನಿಮ್ಮವ್ವನನ್ನು ಕರೆದುಕೊಂಡು ಅವನ ಗಾಡಿಯ ಮುಂದಿನ ಸೀಟಿನಲ್ಲಿ ಕೂತು ಹಾಗೇ ಬಂದುಬಿಡು, ನಾನು ಆಸ್ಪತ್ರೆಯ ಬಾಗಿಲಲ್ಲಿ ನಿಂತಿರುತ್ತೇನೆ.